ಹಳೆಯ ಮಾಳಿಗೆ ಮನೆಗೆ ಪರವಾನಗಿ ಇಲ್ಲ, ಎದುರಿನ ಜಾಗಕ್ಕೆ ಕಲ್ಯಾಣ ಮಂಟಪ: ತಕರಾರು ಎಲ್ಲಿ, ಹೇಗೆ ಸಲ್ಲಿಸಬೇಕು?

ಓಣಿಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಊರು. ಕಚೇರಿಯ ಕೆಲಸ ಇನ್ನೂ ಮುಗಿದಿಲ್ಲವಾದ್ದರಿಂದ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ (ಜಂತಿಯ ಮೇಲೆ ಮಣ್ಣು ಹಾಕಿದ ಚಪ್ಪಟೆ ಛಾವಣಿಯ ಮನೆ) 16 ಅಡಿ ಅಗಲ, 58 ಅಡಿ ಉದ್ದ ಇದೆ. ಕಳೆದ ಮಳೆಗಾಲದಲ್ಲಿ ಪಡಸಾಲೆಯ ಹಿಂದಿನ ಗೋಡೆ ರಾತ್ರೋರಾತ್ರಿ ಕುಸಿಯಿತು. ಅವ್ವ ಒಳಗಿನ ಕೋಣೆಯಲ್ಲಿ ಮಲಗಿದ್ದರಿಂದ ಉಳಿದಳು.

ಮನೆಯನ್ನು ಬಿಚ್ಚಿ ಅದೇ ಅಳತೆಯಲ್ಲಿ ಮತ್ತೆ ಕಟ್ಟಿಕೊಳ್ಳೋಣವೆಂದು ನಕ್ಷೆ ಸಮೇತ ಅರ್ಜಿ ಕೊಟ್ಟೆವು. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್‌ನಲ್ಲಿ) ನಮ್ಮ ಓಣಿಯನ್ನು 9 ಮೀಟರ್ ರಸ್ತೆ ಎಂದು ತೋರಿಸಲಾಗಿದೆ, ಆದ್ದರಿಂದ ಪರವಾನಗಿ ಕೊಡಲು ಬರುವುದಿಲ್ಲ ಎಂದು ಕಚೇರಿಯಿಂದ ಹಿಂಬರಹ (ಲಿಖಿತ ಉತ್ತರ) ಬಂದಿದೆ. ಇರುವ ಓಣಿ 11 ಅಡಿಯನ್ನೂ ದಾಟುವುದಿಲ್ಲ. ಅವರು ಹೇಳಿದಷ್ಟು ಬಿಟ್ಟರೆ ಪಡಸಾಲೆಯೇ ಉಳಿಯುವುದಿಲ್ಲ.

ಇದೇ ತಿಂಗಳು ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂದಿದೆ. ನಮ್ಮ ಎದುರಿನ ಹಳೆಯ ಹತ್ತಿ ಗೋದಾಮಿನ ಜಾಗವನ್ನು ವಸತಿಯಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಆಕ್ಷೇಪಣೆಗಳನ್ನು ಕರೆದಿದ್ದಾರೆ. ಅಲ್ಲಿ ಕಲ್ಯಾಣ ಮಂಟಪ ಏಳಲಿದೆ ಎಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಮನೆಗೆ ಸಾಲದ ಓಣಿ ಮದುವೆಯ ಬಸ್ಸುಗಳಿಗೆ ಹೇಗೆ ಸಾಲುತ್ತದೆ ಎಂಬುದೇ ನನ್ನ ಪ್ರಶ್ನೆ. ತಕರಾರು ಯಾರಿಗೆ ಕೊಡಬೇಕು, ಏನೆಂದು ಬರೆಯಬೇಕು, ಮತ್ತು ಅಷ್ಟರೊಳಗೆ ಮನೆಯ ರಿಪೇರಿ ಮಾಡಿಕೊಳ್ಳಬಹುದೇ ಎಂಬುದನ್ನು ತಿಳಿದವರು ಹೇಳಬೇಕು.

ಮುನಿರಾಬಾದ್ ಮಾವ
ತಂಗೀ, ನೇರವಾಗಿ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಬರೆದುಬಿಡು. ಮನೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ, ಹೇಗೂ ಅಕ್ರಮ-ಸಕ್ರಮದಲ್ಲಿ ಎಲ್ಲವೂ ಸರಿಹೋಗುತ್ತದೆ.

ರಾಯಚೂರು ವಕೀಲ
ಮಾವನವರು ಕ್ಷಮಿಸಬೇಕು, ಎರಡೂ ಮಾತು ಸರಿಯಿಲ್ಲ. ನಗರಗಳ ಕಟ್ಟಡ ಉಲ್ಲಂಘನೆಗಳ ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿದೆ. ಅದನ್ನು ನಂಬಿ ಇಂದು ಇಟ್ಟಿಗೆ ಇಡುವುದು ಜಾಣತನವಲ್ಲ.

ಓಣಿಮಗಳು ಅವರೇ, ನಿಮ್ಮ ಕೈಯಲ್ಲಿ ಎರಡು ಬೇರೆ ಬೇರೆ ಪ್ರಕರಣಗಳಿವೆ. ಅವುಗಳನ್ನು ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ. ಗೋದಾಮಿನದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14-ಎ ಅಡಿಯ ಭೂ ಉಪಯೋಗ ಬದಲಾವಣೆ. ಆ ಬದಲಾವಣೆ ಸಾರ್ವಜನಿಕ ಹಿತಾಸಕ್ತಿಗೆ ಅನುಗುಣವಾಗಿರಬೇಕು ಮತ್ತು ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಆ ಪ್ರಕಟಣೆ ನಿಮ್ಮಂಥವರಿಗಾಗಿಯೇ ಬಂದದ್ದು. ಅದರ ಕೆಳಗೆ ಯಾವ ಪ್ರಾಧಿಕಾರದ ಸಹಿ ಇದೆಯೋ ಅವರಿಗೇ ಬರೆಯಿರಿ, ಅದರಲ್ಲಿ ಹೇಳಿದ ದಿನಗಳನ್ನು ಪ್ರಕಟವಾದ ದಿನದಿಂದ ಎಣಿಸಿರಿ, ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿದ ಪ್ರತಿಯೊಂದನ್ನು ತಪ್ಪದೆ ಇಟ್ಟುಕೊಳ್ಳಿರಿ. ಜಿಲ್ಲಾಧಿಕಾರಿಗಳಿಗೆ ಕೊಟ್ಟ ಅರ್ಜಿ ಇದೇ ಮೇಜಿಗೆ ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಮನೆಯ ಹಿಂಬರಹದ ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಮೊದಲು ಮಹಾಯೋಜನೆಯ ನಕ್ಷೆ ನೋಡಬೇಕು.

ಗಂಗಾವತಿ ಗುತ್ತಿಗೆದಾರ
ವಕೀಲರು ಹೇಳುವುದೆಲ್ಲ ಕಾಗದದ ಮೇಲೆ ಚೆನ್ನಾಗಿದೆ. ಇಪ್ಪತ್ತು ವರ್ಷ ಮನೆ ಕಟ್ಟಿಸಿದವನಾಗಿ ನಾನು ಹೇಳುವುದೇನೆಂದರೆ, ಹಳೆಯ ಓಣಿಗಳಲ್ಲಿ ಪರವಾನಗಿ ಪಡೆದು ಕಟ್ಟಿದ ಮನೆ ನೂರಕ್ಕೆ ಹತ್ತು ಸಿಗುವುದೂ ಕಷ್ಟ. ಶನಿವಾರ, ಭಾನುವಾರ ಮತ್ತು ಸೋಮವಾರದ ರಜೆ ನೋಡಿಕೊಂಡು ಕಾಲಂ ಎಬ್ಬಿಸಿದರೆ ಯಾರೂ ಬಂದು ಕೇಳುವುದಿಲ್ಲ. ಇನ್ನು ಕಲ್ಯಾಣ ಮಂಟಪ ಬಂದರೆ ಓಣಿಯ ಜಾಗಕ್ಕೆ ಬೆಲೆ ಬರುತ್ತದೆ, ಅಂಗಡಿ ಇಟ್ಟುಕೊಳ್ಳಬಹುದು. ಬಂದ ಲಕ್ಷ್ಮಿಗೆ ತಕರಾರು ಏಕೆ?

ಸಿಂಧನೂರು ಸೊಸೆ
ಲಕ್ಷ್ಮಿ ಬರುತ್ತಾಳೋ ಇಲ್ಲವೋ, ಎಂಜಲು ಎಲೆಗಳು ಮಾತ್ರ ಖಂಡಿತ ಬರುತ್ತವೆ. ನಮ್ಮ ಅತ್ತೆಮನೆಯ ಹಿಂದೆ ಇಂಥದ್ದೇ ಒಂದು ಮಂಟಪವಿದೆ. ಲಗ್ನದ ತಿಂಗಳಲ್ಲಿ ನಮ್ಮ ಬಚ್ಚಲಿನ ನೀರು ಚರಂಡಿಗೆ ಹೋಗುವುದಿಲ್ಲ, ಚರಂಡಿಯ ನೀರು ನಮ್ಮ ಬಚ್ಚಲಿಗೆ ಬರುತ್ತದೆ. ಮಾವನವರಿಗೆ ಎದೆನೋವು ಬಂದ ದಿನ ಆಂಬುಲೆನ್ಸ್ ಮೂಲೆಯಲ್ಲೇ ನಿಂತಿತು. ಮಂಚದ ಮೇಲೆ ಮಲಗಿಸಿ ಹೊತ್ತುಕೊಂಡು ಹೋದೆವು. ಬ್ಯಾಂಡಿನವರು ದಾರಿ ಬಿಟ್ಟರು ಎನ್ನಬೇಕು, ಬಾರಿಸುವುದನ್ನು ನಿಲ್ಲಿಸಲಿಲ್ಲ.

ರಾಯಚೂರು ವಕೀಲ
ಗುತ್ತಿಗೆದಾರರೇ, ರಜೆಯ ದಿನ ಕಾಲಂ ಎಬ್ಬಿಸುವ ಕಾಲ ಮುಗಿಯುತ್ತ ಬಂದಿದೆ. ಸ್ವಾಧೀನಾನುಭವ ಪತ್ರ (ಕಟ್ಟಡದಲ್ಲಿ ವಾಸಿಸಬಹುದೆಂದು ಕೊಡುವ ಒ.ಸಿ.) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶನ ನೀಡಿದೆ. ಕಟ್ಟುವವರು ನೀವು, ಮೀಟರಿಗಾಗಿ ಅಲೆಯುವವರು ಮನೆಯವರು.

ಸರಪಳಿ ಅಳತೆ
ನಾನು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಅರ್ಜಿ ಬರೆಯುವ ಮೊದಲು ಟೇಪು ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಓಣಿ 11 ಅಡಿ ಎಂದು ತಾಯಿ ಬರೆದಿದ್ದಾರೆ, ಆದರೆ ಎಲ್ಲಿ 11 ಅಡಿ? ಹಳೆಯ ಓಣಿಗಳು ಹಾವಿನಂತೆ ಇರುತ್ತವೆ, ಬಾಯಲ್ಲಿ ಅಗಲ, ನಡುವೆ ಸಣ್ಣ, ಮತ್ತೆ ಗುಡಿಯ ಮುಂದೆ ಅಗಲ. ಮುಖ್ಯರಸ್ತೆಯಿಂದ ಗೋದಾಮಿನ ಬಾಗಿಲಿನವರೆಗೆ ಹತ್ತು ಕಡೆ ಅಗಲ ಅಳೆದು, ಒಂದು ಕೈಬರಹದ ನಕ್ಷೆ ಮಾಡಿ, ಪ್ರತಿ ಅಳತೆಗೂ ಒಂದು ಫೋಟೊ ತೆಗೆದು ಲಗತ್ತಿಸಿರಿ. ನಮಗೆ ಗದ್ದಲವಾಗುತ್ತದೆ ಎಂದು ಹತ್ತು ಪುಟ ಬರೆದದ್ದಕ್ಕಿಂತ, ಇಲ್ಲಿ 9 ಅಡಿ ಇದೆ, ಅಗ್ನಿಶಾಮಕ ವಾಹನ ತಿರುಗುವುದಿಲ್ಲ ಎಂಬ ಒಂದು ಸಾಲಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ.

ಎರಡನೆಯದು, ಮಹಾಯೋಜನೆಯ ನಕ್ಷೆಯಲ್ಲಿ ಎಳೆದ ರಸ್ತೆಯ ಗೆರೆ. ಆ ಅಳತೆಯ ನಕ್ಷೆಯಲ್ಲಿ ಒಂದು ಪೆನ್ಸಿಲ್ ಗೆರೆಯ ದಪ್ಪವೇ ನೆಲದ ಮೇಲೆ ಹಲವು ಅಡಿ ಆಗುತ್ತದೆ. ಅಗಲೀಕರಣ ಓಣಿಯ ನಡುಗೆರೆಯಿಂದ ಎರಡೂ ಕಡೆಗೆ ಸಮನಾಗಿ ಇದೆಯೋ ಅಥವಾ ಒಂದೇ ಕಡೆಗಿದೆಯೋ ಎಂಬುದನ್ನು ಲಿಖಿತವಾಗಿ ಕೇಳಿರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಸಂಬಂಧಪಟ್ಟ ಹಾಳೆಯ ದೃಢೀಕೃತ ಪ್ರತಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು.

ರಿಪೇರಿಯ ಬಗ್ಗೆ ಹೇಳುವುದಾದರೆ, ಗಿಲಾವು ಮಾಡುವುದು, ಮಾಳಿಗೆಯ ಮಣ್ಣು ಬದಲಿಸುವುದು, ಹುಳ ಹಿಡಿದ ಎರಡು ಜಂತಿ ತೆಗೆದು ಬೇರೆ ಹಾಕುವುದು, ಇವೆಲ್ಲ ಸಾಮಾನ್ಯ ದುರಸ್ತಿ. ಹೊರಗೋಡೆಯನ್ನು ತಳಪಾಯದಿಂದ ಎಬ್ಬಿಸಿದರೆ ಅದು ಕಟ್ಟಡ ನಿರ್ಮಾಣ, 1964ರ ಪುರಸಭೆಗಳ ಕಾಯ್ದೆಯ ಕಲಂ 187 ಅಲ್ಲಿಗೆ ಬರುತ್ತದೆ. ನಿಮ್ಮ ಕುಸಿದ ಗೋಡೆ ಒಳಗಿನದೋ ಹೊರಗಿನದೋ?

ಓಣಿಮಗಳು
ಹಿರಿಯರೇ, ಅದು ಹಿತ್ತಲ ಕಡೆಯ ಹೊರಗೋಡೆ. ಓಣಿಯ ಕಡೆಯ ಗೋಡೆ, ಕಟ್ಟೆ, ಬಾಗಿಲುವಾಡ ಎಲ್ಲವೂ ಗಟ್ಟಿಯಾಗಿವೆ.

ಇನ್ನೊಂದು ತೊಡಕನ್ನು ಮೊದಲೇ ಹೇಳಬೇಕಿತ್ತು. ಮನೆಯ ಉತಾರ (ಆಸ್ತಿ ದಾಖಲೆ) ಈಗಲೂ ಅಜ್ಜನ ಹೆಸರಿನಲ್ಲಿದೆ. ಮೂಲ ಖರೀದಿ ಕಾಗದ ಉರ್ದುವಿನಲ್ಲಿದೆ, ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿಲ್ಲ. ಅಪ್ಪನಿಗೆ ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಸಣ್ಣ ಕಾಕಾ ಪುಣೆಯಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ.

ಕೌಲ್‌ಬಜಾರ್ ಹುಡುಗ
ಅಕ್ಕಾ, ಇದು ತುಂಗಭದ್ರೆಯ ಆಚೆ ದಡದವರಿಗೆಲ್ಲ ಇರುವ ಪಾಡು. ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಕಾಗದ ಉರ್ದುವಿನಲ್ಲಿ. ನಮ್ಮ ಬಳ್ಳಾರಿ 1953ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಸೇರುವವರೆಗೆ ಮದ್ರಾಸಿನಲ್ಲಿತ್ತು, ನಮ್ಮಜ್ಜನ ಕಾಗದ ತೆಲುಗಿನಲ್ಲಿದೆ. ಹೊಳೆ ದಾಟಿದರೆ ಕಷ್ಟ ಒಂದೇ, ಲಿಪಿ ಮಾತ್ರ ಬೇರೆ.

ತಕರಾರಿನ ವಿಷಯದಲ್ಲಿ ನಮ್ಮ ಬೀದಿಯ ಅನುಭವ ಹೇಳುತ್ತೇನೆ. ನಮ್ಮಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಯಂತ್ರಗಳಿವೆ. ಒಬ್ಬರು ಮನೆಗಳ ನಡುವೆಯೇ ಜೀನ್ಸ್ ತೊಳೆಯುವ ಘಟಕ ಹಾಕಿದರು, ಮೋರಿಯಲ್ಲಿ ನೀಲಿ ನೀರು ಹರಿಯತೊಡಗಿತು. ನಾವು ಸಿಟ್ಟಿನಲ್ಲಿ, ವಸತಿ ಪ್ರದೇಶದಲ್ಲಿ ಜೀನ್ಸ್ ಉದ್ಯಮವೇ ಬೇಡ ಎಂದು ಬರೆದುಕೊಟ್ಟೆವು. ಅದನ್ನೇ ಹಿಡಿದು ಆ ಘಟಕದವರು, ಇವರೆಲ್ಲರ ಮನೆಯಲ್ಲೂ ಯಂತ್ರಗಳಿವೆ, ಮೊದಲು ಅವನ್ನು ಮುಚ್ಚಿಸಿರಿ ಎಂದು ವಾದಿಸಿದರು. ಸಹಿ ಹಾಕಿದವರಲ್ಲಿ ಅರ್ಧ ಜನ ಮರುದಿನವೇ ಹಿಂದೆ ಸರಿದರು. ಹೊಲಿಗೆ ಬೇರೆ, ತೊಳೆಯುವುದು ಬೇರೆ. ಬಣ್ಣದ ನೀರನ್ನು ಸಂಸ್ಕರಿಸದೆ ಮೋರಿಗೆ ಬಿಡುವುದಕ್ಕಷ್ಟೇ ನಮ್ಮ ಆಕ್ಷೇಪಣೆ ಎಂದು ಎರಡನೇ ಬಾರಿ ಬರೆದಾಗ ಮಾತ್ರ ಸ್ಥಳ ಪರಿಶೀಲನೆಗೆ ಬಂದರು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ವಾಣಿಜ್ಯವೇ ಬೇಡ ಎಂದು ಬರೆಯಬೇಡಿ. ನಿಮ್ಮ ಓಣಿಯಲ್ಲಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಇದ್ದೇ ಇರುತ್ತವೆ.

ಗಂಗಾವತಿ ಗುತ್ತಿಗೆದಾರ
ಹುಡುಗನ ಮಾತನ್ನು ಒಪ್ಪುತ್ತೇನೆ. ಆದರೆ ನನ್ನದೊಂದು ಮೂಲ ಪ್ರಶ್ನೆ ಇದೆ. ಮಣ್ಣಿನ ಗೋಡೆ, ಹುಳ ಹಿಡಿದ ಜಂತಿ, ಮೇಲೆ ಒಂದು ಅಡಿ ಮಣ್ಣು ಇರುವ ಮನೆಯನ್ನು ಉಳಿಸಿಕೊಂಡು ಏನು ಮಾಡುತ್ತೀರಿ? ಪ್ರತಿ ಮಳೆಗಾಲದಲ್ಲೂ ಇಂಥ ಗೋಡೆಗಳ ಕೆಳಗೆ ಜನ ಸಾಯುತ್ತಾರೆ. ಸರ್ಕಾರದ ಮನೆ ಯೋಜನೆಗೆ ಅರ್ಜಿ ಹಾಕಿ, ಕೆಡವಿ, ಆರ್‌ಸಿಸಿ ಹಾಕಿಸಿಕೊಳ್ಳುವುದೇ ಒಳ್ಳೆಯದು.

ಸಿಂಧನೂರು ಸೊಸೆ
ಅಣ್ಣಾ, ಆ ದಾರಿಯಲ್ಲಿ ನಡೆದು ಚಪ್ಪಲಿ ಸವೆದವಳು ನಾನು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ಬರುತ್ತದೆ, ರಾಜ್ಯದ ಪಾಲು ಬೇರೆ. ಆದರೆ ಜಾಗ ಅರ್ಜಿದಾರರ ಹೆಸರಿನಲ್ಲಿರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಇವರ ಉತಾರ ಅಜ್ಜನ ಹೆಸರಿನಲ್ಲಿದೆ, ಪರವಾನಗಿ ಸಿಕ್ಕಿಲ್ಲ. ಹಣವಂತೂ ಒಮ್ಮೆಗೇ ಕೈಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ ಫೋಟೊ ತೆಗೆದ ಮೇಲೆ ಬಿಡುಗಡೆಯಾಗುತ್ತದೆ. ಮೊದಲ ಹಂತಕ್ಕೆ ಬೇಕಾದ ಹಣ ಬಡ್ಡಿಗೆ ತಂದದ್ದಾಗಿರುತ್ತದೆ.

ನನಗೆ ಇಂದಿಗೂ ಅರ್ಥವಾಗದ ಸಂಗತಿ ಮತ್ತೊಂದಿದೆ. ಇರುವ ಮನೆಯ ಒಂದು ಗೋಡೆಯನ್ನೋ ಮಾಳಿಗೆಯನ್ನೋ ಸರಿಮಾಡಿಕೊಳ್ಳಲು ಅರ್ಧ ಲಕ್ಷ ಕೊಡಿ ಎಂದರೆ ಈ ಯೋಜನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಕೆಡವಿದರೆ ಹಣವಿದೆ, ಉಳಿಸಿಕೊಂಡರೆ ಇಲ್ಲ. ಮಳೆಹಾನಿಯಲ್ಲಿ ಮಾತ್ರ ಇದಕ್ಕೆ ಸ್ವಲ್ಪ ದಾರಿ ಇತ್ತು. 2022ರಲ್ಲಿ ಶೇಕಡ 75ಕ್ಕಿಂತ ಹೆಚ್ಚು ಹಾನಿಯಾದ ಎ ವರ್ಗದ ಮನೆಗೆ 5 ಲಕ್ಷ, ಬಿ ವರ್ಗಕ್ಕೆ 3 ಲಕ್ಷ, ಸಿ ವರ್ಗಕ್ಕೆ 50 ಸಾವಿರ ಎಂದು ರಾಜ್ಯ ಸರ್ಕಾರ ಕೊಟ್ಟಿತು. ಓಣಿಮಗಳು ಅಕ್ಕಾ, ಗೋಡೆ ಬಿದ್ದ ವಾರದಲ್ಲಿ ಗ್ರಾಮ ಆಡಳಿತಾಧಿಕಾರಿಯಿಂದಲೋ (ಹಿಂದಿನ ಗ್ರಾಮ ಲೆಕ್ಕಿಗ) ಕಂದಾಯ ನಿರೀಕ್ಷಕರಿಂದಲೋ ಪಂಚನಾಮೆ ಮಾಡಿಸಿದ್ದೀರಾ?

ಓಣಿಮಗಳು
ಮಾಡಿಸಿಲ್ಲ. ಅವ್ವನನ್ನು ಕರೆದುಕೊಂಡು ತಂಗಿಯ ಮನೆಗೆ ಹೋದೆವು, ಆ ಗಡಿಬಿಡಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಬಿದ್ದ ದಿನದ ಫೋಟೊಗಳು ಮಾತ್ರ ಫೋನಿನಲ್ಲಿವೆ.

ಮುನಿರಾಬಾದ್ ಮಾವ
ಅಕ್ರಮ-ಸಕ್ರಮದ ವಿಷಯದಲ್ಲಿ ವಕೀಲರು ತಿದ್ದಿದ್ದಕ್ಕೆ ಉಪಕಾರವಾಯಿತು. ಆದರೆ ಮಾಳಿಗೆಯ ವಿಷಯದಲ್ಲಿ ಗುತ್ತಿಗೆದಾರರಿಗೆ ನಾನೂ ಎರಡು ಮಾತು ಹೇಳುತ್ತೇನೆ. ಮಾಳಿಗೆ ಮನೆ ತಾನಾಗಿ ಬೀಳುವುದಿಲ್ಲ, ನಾವು ಬೀಳಿಸುತ್ತೇವೆ. ನಮ್ಮ ಹಿರಿಯರು ಮಿರಗ ಮಳೆಗೆ ಮೊದಲೇ ಬಂಡಿಯಲ್ಲಿ ಚೌಳು ಮಣ್ಣು ತಂದು ಮಾಳಿಗೆಗೆ ಹಾಕಿ, ತುಳಿದು, ಮರದ ಕೊಡತಿಯಿಂದ ಬಡಿದು, ಕುಂಬಿಯ ಕಡೆಗೆ ಇಳಿಜಾರು ಮಾಡುತ್ತಿದ್ದರು. ಚೌಳು ಮಣ್ಣಿನಲ್ಲಿ ನೀರು ಇಂಗುವುದಿಲ್ಲ. ಈಗ ಚೌಳು ಮಣ್ಣು ತರುವವರಿಲ್ಲ, ಮೇಲೆ ಹತ್ತಿ ನೋಡುವವರೂ ಇಲ್ಲ. ರಾಯಚೂರಿನ ಬೇಸಿಗೆಯಲ್ಲಿ ನಿಮ್ಮ ಆರ್‌ಸಿಸಿ ಕೆಳಗೆ ಮಧ್ಯಾಹ್ನ ಮಲಗಿ ತೋರಿಸಿರಿ.

ಸರಪಳಿ ಅಳತೆ
ಮಾವನವರ ಮಾತಿಗೆ ಒಂದು ಸೇರಿಸುತ್ತೇನೆ. ಸೋರುತ್ತದೆ ಎಂದು ಮಣ್ಣಿನ ಮೇಲೆ ಸಿಮೆಂಟ್ ಬಳಿಸುವವರೇ ಹೆಚ್ಚು. ಅದು ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆರಿಹೋಗದೆ ಜಂತಿಯ ಮೇಲೆ ಕೂರುತ್ತದೆ, ತೊಲೆ ಗೋಡೆಯೊಳಗೆ ಕೂತ ಜಾಗದಲ್ಲಿ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಬಿದ್ದ ದಿನವೇ ತಿಳಿಯುವುದು. ಇವರ ಮನೆಯಲ್ಲಿ ಹಾಗೇ ಆಗಿರಬಹುದು.

ಓಣಿಮಗಳು
ಹೌದು, ಐದು ವರ್ಷದ ಹಿಂದೆ ಸಿಮೆಂಟ್ ಹಾಕಿಸಿದ್ದೆವು.

ನಿರ್ವಾಹಕ
ಮಾಳಿಗೆಯ ಮಣ್ಣಿನ ಬಗ್ಗೆ ಬೇರೆ ಚರ್ಚೆ ತೆರೆಯಬಹುದು. ಆಕ್ಷೇಪಣೆಯ ಅವಧಿ ಓಡುತ್ತಿರುವುದರಿಂದ ದಯವಿಟ್ಟು ಪರವಾನಗಿ ಮತ್ತು ತಕರಾರಿನ ವಿಷಯಕ್ಕೆ ಮರಳೋಣ.

ಲಿಂಗಸುಗೂರು ಲೆಕ್ಕ
ಬಿ ಖಾತಾ ಮಾಡಿಸಿದರೆ ಪರವಾನಗಿಯ ತೊಂದರೆ ತಪ್ಪುವುದಿಲ್ಲವೇ? ನಮ್ಮ ಪಕ್ಕದವರು ಮಾಡಿಸಿಕೊಂಡು ಹಬ್ಬ ಮಾಡಿದರು.

ರಾಯಚೂರು ವಕೀಲ
ತಪ್ಪುವುದಿಲ್ಲ. 2025ರ ಫೆಬ್ರುವರಿಯಿಂದ ನಡೆದ ಬಿ ಖಾತಾ ಅಭಿಯಾನ ಅನಧಿಕೃತ ಬಡಾವಣೆಗಳ ಸ್ವತ್ತನ್ನು ತೆರಿಗೆಯ ವಹಿಗೆ ತರಲು ಮಾಡಿದ್ದು. ಮೊದಲ ವರ್ಷ ಎರಡು ಪಟ್ಟು ತೆರಿಗೆ ಕಟ್ಟಿಸಿಕೊಳ್ಳುತ್ತಾರೆಯೇ ಹೊರತು ಅದರಿಂದ ಕಟ್ಟಡ ಸಕ್ರಮವಾಗುವುದಿಲ್ಲ. ಹಳೆಯ ಗಾವಠಾಣದ (ಊರೊಳಗಿನ ಮೂಲ ವಸತಿ ಜಾಗದ) ಮನೆಗೆ ಬಿ ಖಾತಾ ಮಾಡಿಸಿಕೊಳ್ಳುವುದು ಎಂದರೆ ಇರುವ ಹಕ್ಕನ್ನು ನಾವೇ ಕೀಳುಮಾಡಿಕೊಂಡಂತೆ. ಓಣಿಮಗಳು ಅವರು ವಂಶಾವಳಿ ಮಾಡಿಸಿ, ಎಲ್ಲ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಕೋರಿ, ಆಮೇಲೆ ನಮೂನೆ-3 (ಸ್ವತ್ತಿನ ಖಾತಾ ಪತ್ರ) ಪಡೆಯುವುದು ಸರಿಯಾದ ದಾರಿ. ಪುಣೆಯ ಕಾಕಾ ಫೋನ್ ಎತ್ತದಿದ್ದರೂ ವಂಶಾವಳಿಯಲ್ಲಿ ಅವರ ಹೆಸರು ಇರಲೇಬೇಕು. ಅತ್ತೆಯವರ ಹೆಸರೂ ಇರಬೇಕು. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿಸಿದ ವಂಶಾವಳಿಗಳಿಂದಲೇ ನಮ್ಮ ಕೋರ್ಟುಗಳು ತುಂಬಿವೆ.

ಗಂಗಾವತಿ ಗುತ್ತಿಗೆದಾರ
ಇಷ್ಟೆಲ್ಲ ನಿಯಮ ಬಡವರಿಗೆ ಮಾತ್ರ. ಗೋದಾಮಿನ ಮಾಲೀಕರಿಗೆ ನೋಡಿ, ವಲಯವೇ ಬದಲಾಗುತ್ತದೆ.

ಆನೆಗೊಂದಿ ದಾರಿ
ಯಾವಾಗಲೂ ಹಾಗೆ ಆಗುವುದಿಲ್ಲ. ನಮ್ಮ ಗಂಗಾವತಿ ಸೀಮೆಯ ವಿರುಪಾಪುರ ಗಡ್ಡೆಯನ್ನು ನೆನಪಿಸಿಕೊಳ್ಳಿ. ಹಂಪಿಯ ಎದುರು ದಡದಲ್ಲಿ ಎಷ್ಟೋ ವರ್ಷ ರೆಸಾರ್ಟ್‌ಗಳು ನಡೆದವು, ಪರದೇಶದವರು ತಿಂಗಳುಗಟ್ಟಲೆ ಉಳಿದರು. ಸ್ಮಾರಕಗಳ ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ್ದು ಎಂಬ ಕಾರಣಕ್ಕೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು.

ಗಂಗಾವತಿ ಗುತ್ತಿಗೆದಾರ
ಅಲ್ಲಿ ಕೆಲಸ ಕಳೆದುಕೊಂಡವರು ಮಾಲೀಕರಲ್ಲ, ಅಡುಗೆ ಮಾಡುವವರು ಮತ್ತು ತೆಪ್ಪ ನಡೆಸುವವರು. ಅದನ್ನೂ ಬರೆಯಿರಿ.

ಆನೆಗೊಂದಿ ದಾರಿ
ಬರೆಯುತ್ತೇನೆ, ಅದು ನಿಜ. ನಮ್ಮ ಸೋದರಮಾವನ ಮಗ ಅವರಲ್ಲೊಬ್ಬ.

ರಾಯಚೂರು ವಕೀಲ
ಈಗ ಮನೆಯ ಹಿಂಬರಹಕ್ಕೆ ಬರುತ್ತೇನೆ. 1961ರ ಕಾಯ್ದೆಯ ಕಲಂ 69ರಂತೆ, ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಖಾಸಗಿ ಜಾಗವನ್ನು ಪ್ರಾಧಿಕಾರವು ಒಪ್ಪಂದದಿಂದ ಅಥವಾ ಭೂಸ್ವಾಧೀನದ ಮೂಲಕ ಪಡೆಯಬೇಕು. ಯೋಜನೆ ಪ್ರಕಟವಾದ ಐದು ವರ್ಷಗಳಲ್ಲಿ ಸ್ವಾಧೀನವಾಗದೆ, ಅದರ ನಡವಳಿಕೆಯೂ ಶುರುವಾಗದೆ ಹೋದರೆ ಆ ಗುರುತು ರದ್ದಾದಂತೆ ಎಂದು ಅದೇ ಕಲಂ ಹೇಳುತ್ತದೆ. ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಕ್ಷೆಯ ಜೊತೆಗೆ ಇನ್ನೆರಡು ಸಂಗತಿ ಕೇಳಿರಿ: ಮಹಾಯೋಜನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕ ಮತ್ತು ಈ ಓಣಿಯ ಅಗಲೀಕರಣಕ್ಕೆ ಭೂಸ್ವಾಧೀನದ ಯಾವುದಾದರೂ ಅಧಿಸೂಚನೆ ಹೊರಟಿದೆಯೇ ಎಂಬುದು. ಗುರುತು ರದ್ದಾದರೆ ಪರವಾನಗಿ ತಾನಾಗಿ ಸಿಗುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು. ಆದರೆ ಆಗ ಅದೇ ಕಾರಣ ಹೇಳಿ ತಿರಸ್ಕರಿಸುವುದು ಅವರಿಗೆ ಕಷ್ಟವಾಗುತ್ತದೆ. ಹೊಸ ಅರ್ಜಿಗೆ ಸಕಾಲದ (ಗೊತ್ತಾದ ದಿನಗಳೊಳಗೆ ಸೇವೆ ಕೊಡಬೇಕೆಂಬ ಸರ್ಕಾರಿ ವ್ಯವಸ್ಥೆಯ) ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ.

ಇದಕ್ಕೂ ತಕರಾರಿಗೂ ಒಂದು ಕೊಂಡಿ ಇದೆ. ಅಧಿಕಾರಿಯೇ ಹಿಂಬರಹದಲ್ಲಿ ಇಲ್ಲಿ 9 ಮೀಟರ್ ರಸ್ತೆ ಬೇಕು ಎಂದು ಬರೆದುಕೊಟ್ಟಿದ್ದಾರೆ, ಅಂದರೆ ಇರುವ ಓಣಿ ಕಿರಿದು ಎಂದು ಒಪ್ಪಿದಂತೆಯೇ. ಗೋದಾಮಿನ ಕಡತಕ್ಕೆ ಆ ಹಿಂಬರಹದ ನಕಲನ್ನೇ ಲಗತ್ತಿಸಿರಿ. ಎರಡು ಪ್ರಕರಣಗಳನ್ನು ಬೆರೆಸಬೇಡಿ ಎಂದು ನಾನೇ ಹೇಳಿದ್ದೆ. ಅರ್ಜಿ ಬೇರೆಯೇ ಇರಲಿ, ಈ ಒಂದು ಕಾಗದ ಮಾತ್ರ ಎರಡೂ ಕಡೆ ಇರಲಿ.

ಕೌಲ್‌ಬಜಾರ್ ಹುಡುಗ
ವಕೀಲ ಸಾಹೇಬರ ಈ ಕೊನೆಯ ಮಾತಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಓಣಿಮಗಳು
ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ತಮ್ಮನೂ ನಾನೂ ಟೇಪು ಹಿಡಿದು ಅಳೆದೆವು. ಓಣಿಯ ಬಾಯಲ್ಲಿ 14 ಅಡಿ, ಹುಣಸೆಮರದ ಹತ್ತಿರ 9 ಅಡಿ 2 ಅಂಗುಲ, ಗೋದಾಮಿನ ಮುಂದೆ 12 ಅಡಿ ಇದೆ. ಅಳೆಯುವಾಗ ಓಣಿಯವರೆಲ್ಲ ಹೊರಗೆ ಬಂದರು, ರಸ್ತೆ ಅಗಲ ಮಾಡಲು ಬಂದವರೆಂದು ತಿಳಿದು ಇಬ್ಬರು ಜಗಳಕ್ಕೂ ನಿಂತರು. ವಿಷಯ ತಿಳಿದ ಮೇಲೆ ಅವರೇ ಮೊದಲು ಸಹಿ ಹಾಕಿದರು. ಒಟ್ಟು 23 ಸಹಿಗಳಾದವು. ಹಿಟ್ಟಿನ ಗಿರಣಿಯವರು ಹಾಕಲಿಲ್ಲ. ಮಂಟಪ ಬಂದರೆ ತಮಗೆ ವ್ಯಾಪಾರವಾಗುತ್ತದೆ ಎಂದು ಮುಖಕ್ಕೇ ಹೇಳಿದರು, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆಕ್ಷೇಪಣೆಯಲ್ಲಿ ಓಣಿಯ ಅಗಲ, ವಾಹನ ನಿಲುಗಡೆ ಮತ್ತು ಚರಂಡಿ, ಈ ಮೂರನ್ನೇ ಬರೆದೆವು. ಅವಧಿ ಮುಗಿಯಲು ಎರಡು ದಿನ ಇರುವಾಗ ಕೊಟ್ಟು ಮೊಹರು ಹಾಕಿಸಿಕೊಂಡೆವು. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇವೆ. ಉರ್ದು ಕಾಗದವನ್ನು ಮಸೀದಿಯ ಹತ್ತಿರದ ಒಬ್ಬ ನಿವೃತ್ತ ಮಾಸ್ತರರು ಓದಿ ಹೇಳಿದರು. ಅದರ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ನಮ್ಮ ಮನೆಯ ಮುಂದಿನದನ್ನು ಬಂಡಿ ದಾರಿ ಎಂದು ಬರೆದಿದೆಯಂತೆ, ಅಗಲವನ್ನು ಗಜದಲ್ಲಿ ಕೊಟ್ಟಿದೆಯಂತೆ.

ಸರಪಳಿ ಅಳತೆ
ಆ ಗಜದ ಅಳತೆ ಬಹಳ ಮುಖ್ಯವಾದದ್ದು, ತಾಯಿ. ಅದನ್ನು ಅಧಿಕೃತವಾಗಿ ಭಾಷಾಂತರ ಮಾಡಿಸಿ, ದೃಢೀಕರಿಸಿಟ್ಟುಕೊಳ್ಳಿರಿ. ಮೂಲ ಕಾಗದವನ್ನು ಯಾವ ಕಚೇರಿಗೂ ಕೊಡಬೇಡಿರಿ, ನಕಲು ಮಾತ್ರ ಕೊಡಿರಿ.

ಗಂಗಾವತಿ ಗುತ್ತಿಗೆದಾರ
ಪರವಾನಗಿ ಬರುವವರೆಗೆ ಆ ಹಿತ್ತಲ ಗೋಡೆಯ ಜಾಗದಲ್ಲಿ ತೊಲೆಗೆ ಊರುಗೋಲು ಕೊಡದಿದ್ದರೆ ಉಳಿದ ಮಾಳಿಗೆಯೂ ಕುಳಿತುಬಿಡುತ್ತದೆ, ತಂಗೀ. ಕಬ್ಬಿಣದ ಜಾಕಿಗಳು ನನ್ನ ಹತ್ತಿರ ಸುಮ್ಮನೆ ಬಿದ್ದಿವೆ. ಬಾಡಿಗೆ ಬೇಡ, ಸಾಗಿಸುವ ಖರ್ಚು ಮಾತ್ರ ನಿಮ್ಮದು. ಮೇಲಿನ ಸಿಮೆಂಟನ್ನು ಮೊದಲು ಕೆತ್ತಿಸಿ ಭಾರ ಇಳಿಸಿರಿ.

ಓಣಿಮಗಳು
ಅಣ್ಣಾ, ಆರು ಜಾಕಿಗಳು ಸಾಕಾಗಬಹುದೇ? ಭಾನುವಾರ ತಮ್ಮನನ್ನು ಗಾಡಿಯ ಜೊತೆ ಕಳಿಸುತ್ತೇನೆ.

ಮುನಿರಾಬಾದ್ ಮಾವ
ಚೌಳು ಮಣ್ಣು ಎಲ್ಲಿ ಸಿಗುತ್ತದೆ ಎಂಬುದನ್ನು ನಾನು ತೋರಿಸುತ್ತೇನೆ. ನಿರ್ವಾಹಕರು ಬೈಯುವುದಿಲ್ಲವಾದರೆ ದಾರಿಯನ್ನೂ ಇಲ್ಲೇ ಬರೆಯುತ್ತೇನೆ.